ಏಳು ಸೆಂಟಿಮೀಟರ್

ಬ್ಯಾಡರಹಳ್ಳಿಯಲ್ಲಿ ನನ್ನದೊಂದು ನರ್ಸರಿ ಇದೆ. ಬೋರ್ಡು ನೋಡಿ ಮಕ್ಕಳ ಶಾಲೆಯೆಂದು ತಿಳಿದು ಒಬ್ಬ ತಾಯಿ ಅರ್ಜಿ ಫಾರಂ ಕೇಳಿಕೊಂಡು ಬಂದದ್ದೂ ಉಂಟು. ನನ್ನದು ಗಿಡದ ನರ್ಸರಿ. ತೆಂಗು, ಮಾವು, ಸಪೋಟ, ಕರಿಬೇವು, ಜೊತೆಗೆ ಮನೆ ಮುಂದೆ ಇಡುವ ಹೂವಿನ ಕುಂಡಗಳು. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ, ಹೇರೋಹಳ್ಳಿ ದಾಟಿ ಬಂದರೆ ನಮ್ಮೂರು. ನಾನು ಇಲ್ಲಿಗೆ ಬಂದ ಕಾಲಕ್ಕೆ ಸುತ್ತ ರಾಗಿ ಹೊಲಗಳಿದ್ದವು. ಈಗ ಹೊಲಗಳೆಲ್ಲ ಮೂವತ್ತು-ನಲವತ್ತರ ಸೈಟುಗಳಾಗಿವೆ. ಗಿಡ ನೆಡುವಷ್ಟು ಮಣ್ಣಿರುವ ಗಿರಾಕಿಗಳು ನೈಸ್ ರಸ್ತೆಯ ಆಚೆ, ತಾವರೆಕೆರೆ, ಮಾಗಡಿ ಕಡೆಗೆ ಸರಿದುಬಿಟ್ಟಿದ್ದಾರೆ. ಅವರನ್ನು ಹುಡುಕಿಕೊಂಡು ನಾನೇ ಹೋಗಬೇಕು.

ಹಾಗಾಗಿ ಆರು ವರ್ಷದ ಹಿಂದೆ ಸಕಲೇಶಪುರದ ಕಡೆಯ ಕಾಫಿ ತೋಟದಿಂದ ಒಂದು ಹಳೆಯ ಪಿಕಪ್ ಗಾಡಿ ಕೊಂಡೆ. ಯಾವ ಕಂಪನಿಯದು ಎಂಬುದು ಇಲ್ಲಿ ಬೇಡ. ಮುಂದೆ ಹೇಳುವ ಕಥೆಯಲ್ಲಿ ಕಂಪನಿಯ ತಪ್ಪೇನೂ ಇಲ್ಲ. ಗೇರಿನ ಪಕ್ಕದಲ್ಲಿ ಅದಕ್ಕೆ ಇನ್ನೊಂದು ಚಿಕ್ಕ ಗೇರಿದೆ. ಮಲೆನಾಡಿನವರು ‘ಫೋರ್ ವೀಲ್ ಹಾಕು’ ಎನ್ನುವುದು ಅದನ್ನೇ. ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳಷ್ಟೇ ಗಾಡಿಯನ್ನು ತಳ್ಳುತ್ತವೆ. ಚಿಕ್ಕ ಗೇರು ಹಾಕಿದರೆ ಮುಂದಿನ ಎರಡೂ ಸೇರಿ ಎಳೆಯುತ್ತವೆ. ಮಳೆಗಾಲದಲ್ಲಿ ತೋಟದ ಕೆಸರಿನಲ್ಲಿ ಅದಿಲ್ಲದಿದ್ದರೆ ಟ್ರಾಕ್ಟರ್ ಕರೆಸಿ ಎಳೆಸಬೇಕು. ಅಂಥ ಒಂದೊಂದು ಸಲಕ್ಕೂ ಹತ್ತು ತೆಂಗಿನ ಸಸಿಯ ಲಾಭ ಕೈಬಿಟ್ಟಂತೆ.

ಹೋದ ವರ್ಷ ಜುಲೈ ತಿಂಗಳು. ತಾವರೆಕೆರೆಯಿಂದ ಆಚೆಯ ಒಂದು ತೋಟಕ್ಕೆ 60 ತೆಂಗಿನ ಸಸಿ ತಲುಪಿಸಬೇಕಿತ್ತು. ನನಗೆ ಬೇರೆ ಕೆಲಸವಿದ್ದುದರಿಂದ ಮಗನನ್ನು ಕಳಿಸಿದೆ. ಅವನಿಗೆ 19 ವರ್ಷ, ಲೈಸೆನ್ಸ್ ಇದೆ. ತೋಟದೊಳಗೆ ಇಳಿಜಾರು, ಕೆಸರು. ಫೋರ್ ವೀಲ್ ಹಾಕಿ ಸಸಿ ಇಳಿಸಿ, ಹಾಗೆಯೇ ಹತ್ತಿ ಟಾರು ರಸ್ತೆಗೆ ಬಂದಿದ್ದಾನೆ. ಅಲ್ಲಿ ಚಿಕ್ಕ ಗೇರನ್ನು ವಾಪಸು ಎಳೆದರೆ ಬರಲಿಲ್ಲ. ನನಗೆ ಫೋನ್ ಮಾಡಿದ. ನಾನು ಗಿರಾಕಿಯ ಜೊತೆ ಚೌಕಾಸಿಯಲ್ಲಿದ್ದೆ. ‘ಜೋರಾಗಿ ಎಳಿಯೋ, ಬರುತ್ತೆ’ ಎಂದು ಇಟ್ಟುಬಿಟ್ಟೆ.

ಸಂಜೆ ಗಾಡಿ ನಮ್ಮ ಬೀದಿಗೆ ತಿರುಗಿದಾಗಲೇ ನನಗೆ ಸದ್ದು ಕೇಳಿಸಿತು. ಟೈರುಗಳು ಕಿರ್ ಎಂದು ಟಾರನ್ನು ಉಜ್ಜುತ್ತಿದ್ದವು. ಗಾಡಿ ಕಾಲು ಕುಂಟುವ ಎತ್ತಿನ ಹಾಗೆ ಜಗ್ಗಿ ಜಗ್ಗಿ ತಿರುವು ತೆಗೆದುಕೊಂಡಿತು. ಒಳಗೆ ಡ್ಯಾಶ್‌ಬೋರ್ಡಿನಲ್ಲಿ ಫೋರ್ ವೀಲ್ ದೀಪ ಉರಿಯುತ್ತಲೇ ಇತ್ತು. ನಾನೂ ಎರಡೂ ಕೈಯಲ್ಲಿ ಗೇರನ್ನು ಎಳೆದೆ. ಕಲ್ಲಿನಲ್ಲಿ ನೆಟ್ಟ ಹಾಗೆ ನಿಂತಿತ್ತು.

ಆಗ ನಾನು ಆಡಿದ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯದೆ ಈ ಕಥೆ ಹೇಳುವ ಹಾಗಿಲ್ಲ. ಮಗ ಎಸ್ಸೆಸ್ಸೆಲ್ಸಿ ಆದ ಮೇಲೆ ನನ್ನ ಒತ್ತಾಯಕ್ಕೆ ಪಿಯುಸಿ ವಿಜ್ಞಾನಕ್ಕೆ ಸೇರಿ, ಮೊದಲ ವರ್ಷದ ಗಣಿತದಲ್ಲಿ ಫೇಲಾಗಿದ್ದ. ಆಮೇಲೆ ತಾನೇ ಹಟ ಹಿಡಿದು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಸೇರಿದ. ನನಗೆ ಅದು ಮೆಟ್ಟಿಲು ಇಳಿದ ಹಾಗೆ ಕಂಡಿತ್ತು. ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ನೇರವಾಗಿ ಇಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರಬಹುದು ಎಂದು ಅವನು ಎಷ್ಟು ಸಲ ಹೇಳಿದರೂ ನನ್ನ ತಲೆಗೆ ಹೋಗಿರಲಿಲ್ಲ. ಆ ಸಂಜೆ ಬೀದಿಯಲ್ಲಿ, ಎದುರು ಮನೆಯ ಗಾರೆ ಕೆಲಸದವರು ನೋಡುತ್ತಿರುವಾಗ, ‘ಗಣಿತ ಪಾಸು ಮಾಡೋಕಾಗದವನ ಕೈಗೆ ಗಾಡಿ ಕೊಟ್ಟಿದ್ದು ನನ್ನ ತಪ್ಪು’ ಎಂದುಬಿಟ್ಟೆ. ಅವನು ಬೀಗದ ಕೈಯನ್ನು ಬಾನೆಟ್ ಮೇಲೆ ಇಟ್ಟು ಒಳಗೆ ಹೋದ.

ಮಾರನೆಯ ದಿನ ಗಾಡಿಯನ್ನು ಹಾಗೆಯೇ ಜಗ್ಗಿಸಿಕೊಂಡು ಒಂದು ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಗೇರನ್ನು ಎರಡು ಸಲ ಅಲ್ಲಾಡಿಸಿ, ‘ಒಳಗೆ ಫೋರ್ಕು ಬಗ್ಗಿದೆ ಸಾರ್, ಟ್ರಾನ್ಸ್‌ಫರ್ ಕೇಸ್ ಇಳಿಸಿ ಬಿಚ್ಚಬೇಕು’ ಎಂದರು. 30 ಸಾವಿರಕ್ಕೆ ಕಡಿಮೆಯಿಲ್ಲ, ನಾಲ್ಕು ದಿನ ಬೇಕು. ನನ್ನ ಬೀರುವಿನಲ್ಲಿದ್ದದ್ದು ಮಗನ ಫೀಸಿಗೆಂದು ಎತ್ತಿಟ್ಟ ಹಣ ಮಾತ್ರ. ಯೋಚಿಸಿ ಹೇಳುತ್ತೇನೆಂದು ಗಾಡಿ ವಾಪಸು ತಂದು ಬೀದಿಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ‘ನಿನ್ನ ಫೀಸಿನ ದುಡ್ಡು ಇದಕ್ಕೇ ಹೋಗುತ್ತೆ ನೋಡು’ ಎಂದು ಅದನ್ನೂ ಮಗನಿಗೆ ಹೇಳಿದ್ದಾಯಿತು. ‘ಬೇಕೂಂತ ಮಾಡಿದ್ನಾ ಅವನು? ಎಷ್ಟು ದಿನ ಅಂತ ಅದನ್ನೇ ಅಂತೀರಿ?’ ಎಂದು ಹೆಂಡತಿ ಗದರಿದಳು. ಎರಡು ದಿನ ಮನೆಯಲ್ಲಿ ಟಿವಿ ಬಿಟ್ಟರೆ ಬೇರೆ ಯಾರೂ ಮಾತಾಡಲಿಲ್ಲ.

ಮೂರನೆಯ ದಿನ ಭಾನುವಾರ. ಬೆಳಿಗ್ಗೆ ನೋಡುತ್ತೇನೆ, ಮಗ ಗಾಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದ್ದಾನೆ. ಕಾಲು ಮಾತ್ರ ಹೊರಗೆ. ನಾನು ಕಾಫಿ ಲೋಟ ಹಿಡಿದು ಸುಮ್ಮನೆ ನಿಂತೆ. ಒಳಗಿನಿಂದಲೇ ಕೇಳಿದ:

‘ಅಪ್ಪಾ, ಕೊನೇ ಸಲ ಫೋರ್ ವೀಲ್ ಸಲೀಸಾಗಿ ಬಿಟ್ಟಿದ್ದು ಯಾವಾಗ?’

‘ಮೇ ತಿಂಗಳಲ್ಲಿ. ಮುಂಗಾರಿಗೆ ಮುಂಚೆ ಒಂದು ಮಳೆ ಬಂತಲ್ಲ, ಆವಾಗ.’

‘ಅದಾದ ಮೇಲೆ ಗಾಡಿಗೆ ಏನಾದ್ರೂ ಹೊಸದಾಗಿ ಮಾಡಿಸಿದ್ರಾ?’

‘ಏನೂ ಇಲ್ಲ ಕಣೋ.’

ಈ ಉತ್ತರವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಅವನು ಮಾಡಿದ ರೀತಿಯನ್ನು ನಾನು ಅಂದು ಮೊದಲ ಸಲ ಗಮನಿಸಿದೆ. ಏನು ಕೆಟ್ಟಿದೆ ಎಂದು ಅವನು ಹುಡುಕಲಿಲ್ಲ. ಏನು ಕೆಟ್ಟಿಲ್ಲ ಎಂದು ಒಂದೊಂದಾಗಿ ತೆಗೆದುಹಾಕುತ್ತಾ ಹೋದ. ದೀಪ ಉರಿಯುತ್ತಿದೆ ನಿಜ, ಆದರೆ ದೀಪದ ಸ್ವಿಚ್ಚೇ ಕೆಟ್ಟಿರಬಹುದಲ್ಲ? ಇಲ್ಲ, ತಿರುವಿನಲ್ಲಿ ಟೈರು ಉಜ್ಜುವುದರಿಂದ ಗಾಡಿ ನಿಜವಾಗಿಯೂ ಫೋರ್ ವೀಲ್‌ನಲ್ಲಿದೆ. ಗೇರಿನ ಕೋಲಿಗೂ ಡಬ್ಬಿಗೂ ನಡುವಿನ ಕೀಲು ತುಕ್ಕು ಹಿಡಿದಿದೆಯೇ? ಕೆಳಗಿನಿಂದ ಎಣ್ಣೆ ಬಿಟ್ಟು ನನ್ನ ಕೈಯಲ್ಲಿ ಗೇರು ಅಲ್ಲಾಡಿಸಿದ. ಕೀಲು ಆಡುತ್ತಿತ್ತು, ಡಬ್ಬಿಯ ಒಳಗೆ ಹೋದ ಮೇಲೆ ನಿಲ್ಲುತ್ತಿತ್ತು. ಡಬ್ಬಿಯ ಎಣ್ಣೆ ಬತ್ತಿದೆಯೇ? ಬಿರಡೆ ಬಿಚ್ಚಿ ಬೆರಳು ಅದ್ದಿ ತೋರಿಸಿದ. ಎಣ್ಣೆ ಮಟ್ಟಕ್ಕೆ ಸರಿಯಾಗಿತ್ತು. ಅದರಲ್ಲಿ ಮಿನುಗುವ ಲೋಹದ ಪುಡಿ ಇರಲಿಲ್ಲ. ಒಳಗೆ ಹಲ್ಲು ಮುರಿದಿದ್ದರೆ ಪುಡಿ ಕಾಣುತ್ತಿತ್ತು ಎಂದ.

ಆಮೇಲೆ ಮುಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಚಲು ನೋಡಿದ. ಒಂದಿಷ್ಟಾದರೂ ಆಡಬೇಕಿತ್ತಂತೆ. ಕೂದಲೆಳೆಯಷ್ಟೂ ಆಡಲಿಲ್ಲ.

‘ಅಪ್ಪಾ, ಇದು ಮುರಿದಿಲ್ಲ. ಹುರಿಗೊಂಡಿದೆ.’

ಹುರಿ ಎಂದರೆ ಹಗ್ಗಕ್ಕೆ ಹಾಕುವ ಹುರಿ. ಹಗ್ಗದ ಒಂದು ತುದಿಯನ್ನು ನೀವು ಹಿಡಿದು, ಇನ್ನೊಂದು ತುದಿಯನ್ನು ನಾನು ಸ್ವಲ್ಪ ಜಾಸ್ತಿ ಸುತ್ತು ತಿರುಗಿಸಿದರೆ ಏನಾಗುತ್ತದೋ ಅದೇ ಗಾಡಿಯ ಕೆಳಗೆ ಉಕ್ಕಿನಲ್ಲಿ ಆಗಿದೆ ಎಂಬುದು ಅವನ ಮಾತು. ನನಗೆ ಅರ್ಥವಾಗಲಿಲ್ಲ. ಎದುರು ಮನೆಯವರ ಸಿಮೆಂಟ್ ಪುಡಿ ಬಿದ್ದಿದ್ದ ಜಾಗದಲ್ಲಿ ಕಡ್ಡಿಯಿಂದ ಚಿತ್ರ ಬರೆದು ವಿವರಿಸಿದ. ಅವನು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಕೊಡುತ್ತೇನೆ.

ಶಾಲೆಯಲ್ಲಿ ಕವಾಯತು ಮಾಡಿದವರಿಗೆ ಗೊತ್ತಿರುತ್ತದೆ. ನಾಲ್ಕು ಹುಡುಗರ ಸಾಲು ತಿರುಗುವಾಗ ಒಳಗಿನವನು ನಿಂತಲ್ಲೇ ಹೆಜ್ಜೆ ಹಾಕುತ್ತಾನೆ, ಹೊರಗಿನವನು ಓಡಬೇಕು. ಗಾಡಿ ತಿರುಗುವಾಗಲೂ ಹಾಗೆಯೇ. ನಾಲ್ಕು ಚಕ್ರಗಳೂ ನಾಲ್ಕು ಬೇರೆ ಬೇರೆ ವೃತ್ತಗಳ ಮೇಲೆ ಓಡುತ್ತವೆ. ಎತ್ತಿನ ಗಾಡಿಗೆ ಇದರ ತಾಪತ್ರಯವಿಲ್ಲ. ಅದರ ಚಕ್ರಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ. ಇಂಜಿನ್ನು ಚಕ್ರವನ್ನು ತಿರುಗಿಸಲು ಶುರು ಮಾಡಿದಾಗ ಸಮಸ್ಯೆ ಬಂತು. ಅದಕ್ಕೆ ಮೋಟಾರು ಕಾರು ಹುಟ್ಟುವುದಕ್ಕೂ ಎಷ್ಟೋ ಮೊದಲೇ, 1820ರ ದಶಕದಲ್ಲಿ, ಫ್ರಾನ್ಸಿನ ಒನೆಸಿಫೋರ್ ಪೆಕರ್ ಎಂಬಾತ ಉಗಿಬಂಡಿಗೆಂದು ‘ಡಿಫರೆನ್ಷಿಯಲ್’ ಎಂಬ ಹಲ್ಲಿನ ಚಕ್ರಗಳ ಜೋಡಣೆ ಕಂಡುಹಿಡಿದ. ಲಾರಿಗಳ ಹಿಂದಿನ ಅಚ್ಚಿನ ನಡುವೆ ಮಡಕೆಯಂತೆ ಉಬ್ಬಿರುತ್ತದಲ್ಲ, ಅದರೊಳಗಿರುವುದು ಅದೇ. ಎಡ-ಬಲ ಚಕ್ರಗಳ ಲೆಕ್ಕವನ್ನು ಅದು ಸರಿದೂಗಿಸುತ್ತದೆ.

ಆದರೆ ಮುಂದಿನ ಅಚ್ಚು-ಹಿಂದಿನ ಅಚ್ಚುಗಳ ಲೆಕ್ಕ? ಮಗ ನೆಲದಲ್ಲಿ ಒಂದು ಲಂಬಕೋನ ತ್ರಿಭುಜ ಬರೆದ. ಗಾಡಿಯ ಉದ್ದದಲ್ಲಿ ಎರಡು ಅಚ್ಚುಗಳ ನಡುವೆ ಸುಮಾರು 3 ಮೀಟರ್ ಎಂದಿಟ್ಟುಕೊಳ್ಳಿ. ಹಿಂದಿನ ಅಚ್ಚಿನ ನಡುಭಾಗ 5 ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗಿದರೆ, ಮುಂದಿನದು 25ಕ್ಕೆ 9 ಕೂಡಿಸಿ ವರ್ಗಮೂಲ ತೆಗೆದಷ್ಟು, ಅಂದರೆ 5.83 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ. ಒಂದು ಪೂರ್ತಿ ಸುತ್ತಿಗೆ ಮುಂದಿನದು 5 ಮೀಟರಿಗೂ ಹೆಚ್ಚು ಜಾಸ್ತಿ ಓಡಬೇಕು. ಪೈಥಾಗೊರಸ್‌ನ ಪ್ರಮೇಯ ಅವನ ಬಾಯಿಂದ ಸಲೀಸಾಗಿ ಬಂತು. ನಾನು ಕಾಫಿ ಲೋಟದ ತಳ ನೋಡುತ್ತಾ ನಿಂತಿದ್ದೆ.

ನಮ್ಮಂಥ ಗಾಡಿಗಳಲ್ಲಿ ಈ ಎರಡು ಅಚ್ಚುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಇದು ಯುದ್ಧಕಾಲದ ಜೀಪಿನಿಂದ ಬಂದ ಪದ್ಧತಿ. 1941ರಿಂದ 45ರವರೆಗೆ ಅಮೆರಿಕದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದರು. 1947ರಲ್ಲಿ ಮಹೀಂದ್ರದವರು ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. ನಮ್ಮ ಕೊಡಗು, ಮಲೆನಾಡಿನ ತೋಟಗಳಿಗೆ ಜೀಪು ಒಗ್ಗಿಕೊಂಡಿದ್ದು ಹಾಗೆ. ಆ ಜೀಪಿನಲ್ಲಿ ಫೋರ್ ವೀಲ್ ಹಾಕಿದರೆ ಮುಂದಿನ ಶಾಫ್ಟು ಹಿಂದಿನ ಶಾಫ್ಟಿಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ; ಎರಡೂ ಒಂದೇ ಸಮ ತಿರುಗಬೇಕು. 1970ರಲ್ಲಿ ಬಂದ ಬ್ರಿಟನ್ನಿನ ರೇಂಜ್ ರೋವರ್‌ನಂಥ ಗಾಡಿಗಳಲ್ಲಿ ನಡುವೆಯೂ ಒಂದು ಡಿಫರೆನ್ಷಿಯಲ್ ಇಟ್ಟರು, ಅವು ಯಾವಾಗಲೂ ನಾಲ್ಕು ಚಕ್ರದಲ್ಲೇ ಓಡುತ್ತವೆ. ನಮ್ಮದು ಕೆಸರಿಗೆ ಮಾತ್ರ. ಕೆಸರಿನಲ್ಲಿ ಚಕ್ರ ಜಾರುತ್ತದೆ, ಹೆಚ್ಚು-ಕಡಿಮೆ ಅಲ್ಲೇ ಕಳೆದುಹೋಗುತ್ತದೆ. ಒಣ ಟಾರಿನಲ್ಲಿ ಟೈರು ಜಾರಲು ಒಪ್ಪುವುದಿಲ್ಲ. ಆಗ ಆ ಹೆಚ್ಚು-ಕಡಿಮೆ ಶಾಫ್ಟುಗಳಲ್ಲಿ ಹುರಿಯಾಗಿ ಸೇರಿಕೊಳ್ಳುತ್ತದೆ. ಡಬ್ಬಿಯೊಳಗೆ ಎರಡನ್ನೂ ಜೋಡಿಸುವ ಹಲ್ಲಿನ ಬಳೆಯೊಂದಿದೆ. ಹುರಿಯ ಒತ್ತಡಕ್ಕೆ ಹಲ್ಲುಗಳು ಒಂದನ್ನೊಂದು ಅಮುಕಿ ಹಿಡಿದರೆ ಬಳೆ ಜಾರುವುದಿಲ್ಲ. ಗೇರು ಎಷ್ಟು ಎಳೆದರೂ ಅಷ್ಟೆ. ಜೋರಾಗಿ ಎಳಿ ಎಂದು ನಾನು ಫೋನಿನಲ್ಲಿ ಹೇಳಿದ್ದನ್ನು ಅವನು ಕೇಳದೆ ಹೋದದ್ದು ಪುಣ್ಯ. ಕೇಳಿದ್ದರೆ ಮೇಸ್ತ್ರಿ ಹೇಳಿದಂತೆ ಫೋರ್ಕು ನಿಜವಾಗಿ ಬಗ್ಗುತ್ತಿತ್ತು.

ಬಿಡಿಸುವುದು ಹೇಗೆ? ಸುಲಭದ ದಾರಿಯೆಂದರೆ ಸ್ಟೇರಿಂಗ್ ನೆಟ್ಟಗಿಟ್ಟು ನಿಧಾನವಾಗಿ ನಾಲ್ಕಾರು ಮೀಟರ್ ಹಿಂದಕ್ಕೆ ಹೋಗುವುದು. ಮುಂದೆ ಹೋಗಿ ಬಿದ್ದ ಹುರಿ ಹಿಂದೆ ಹೋದರೆ ಬಿಚ್ಚುತ್ತದೆ. ಬಿಚ್ಚುವ ಗಳಿಗೆಯಲ್ಲಿ ಗೇರು ತಾನಾಗಿ ಬರುತ್ತದೆ. ಆದರೆ ಗಾಡಿಯ ಮುಂದೆ ಗೋಡೆ, ಹಿಂದೆ ಶನಿವಾರ ರಾತ್ರಿ ತಾನೇ ಎದುರು ಮನೆಯವರು ಇಳಿಸಿದ ಜಲ್ಲಿಯ ರಾಶಿ. ನಮ್ಮ ಬ್ಯಾಡರಹಳ್ಳಿಯಲ್ಲಿ ಜಲ್ಲಿ ರಾಶಿಯಿಲ್ಲದ ಬೀದಿಯೇ ಅಪರೂಪ.

ಉಳಿದದ್ದು ಜಾಕ್. ಹಿಂದಿನ ಎರಡೂ ಚಕ್ರಗಳಿಗೆ ಮುಂದೆ ಹಿಂದೆ ಸೈಜುಗಲ್ಲು ಕೊಟ್ಟ. ಹ್ಯಾಂಡ್‌ಬ್ರೇಕ್ ಎಳೆದು, ದೊಡ್ಡ ಗೇರನ್ನು ನ್ಯೂಟ್ರಲ್‌ಗೆ ಹಾಕಿದ. ಮುಂದಿನ ಎಡ ಚಕ್ರದ ಬಳಿ ಜಾಕ್ ಇಟ್ಟು, ‘ಹತ್ರ ಬರಬೇಡಿ ಅಪ್ಪಾ, ಚಕ್ರ ತಟ್ಟನೆ ತಿರುಗಬಹುದು’ ಎಂದು ನನ್ನನ್ನು ದೂರ ನಿಲ್ಲಿಸಿದ. ತಾನೂ ಚಕ್ರದ ಎದುರಿಗೆ ಕೂರದೆ ಪಕ್ಕಕ್ಕೆ ಕೂತು ಒಂದೊಂದೇ ಸುತ್ತು ಎತ್ತತೊಡಗಿದ. ಟೈರು ನೆಲದಿಂದ ಇನ್ನೇನು ಬಿಡಬೇಕು, ಆಗ ‘ಟಕ್’ ಎಂದು ಒಂದು ಸದ್ದು. ಯಾರೂ ಮುಟ್ಟದ ಚಕ್ರ ತಾನೇ ಒಂದು ಗೇಣು ತಿರುಗಿ ನಿಂತಿತು. ಐದು ದಿನದಿಂದ ಉಕ್ಕಿನೊಳಗೆ ಕೂತಿದ್ದ ಹುರಿ ಅಷ್ಟೇ ಹೊತ್ತಿನಲ್ಲಿ ಹೊರಟುಹೋಯಿತು. ಐದು ದಿನವೇ, ಮೂರು ದಿನವೇ? ಮೂರೇ. ನಮ್ಮ ಮನೆಯಲ್ಲಿ ಅದು ಹೆಚ್ಚು ದಿನದಂತೆ ಅನ್ನಿಸಿತ್ತು.

ಮಗ ಕಿಟಕಿಯಿಂದ ಕೈ ಹಾಕಿ ಎರಡು ಬೆರಳಿನಲ್ಲಿ ಚಿಕ್ಕ ಗೇರನ್ನು ತಳ್ಳಿದ. ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರಿತು. ದೀಪ ಆರಿತು. ಎತ್ತಿದ ಚಕ್ರವನ್ನು ಕೈಯಿಂದ ತಿರುಗಿಸಿ ತೋರಿಸಿದ. ಅದರ ಜೊತೆಗೆ ಮುಂದಿನ ಶಾಫ್ಟೂ ಹಗುರವಾಗಿ ತಿರುಗಿತು. ಹಿಂದಿನದರಿಂದ ಅದು ಬೇರೆಯಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. ನನಗೆ ಕುಣಿಯುವಷ್ಟು ಸಂತೋಷವಾಯಿತು. 30 ಸಾವಿರ ಉಳಿಯಿತಲ್ಲ!

ಅವನಿಗೆ ಸಮಾಧಾನವಿರಲಿಲ್ಲ. ‘ಟಾರಿಗೆ ಬಂದು ನೂರು ಮೀಟರ್ ಕೂಡ ಆಗಿರಲಿಲ್ಲ, ಆಗಲೇ ಗೇರು ಬರಲಿಲ್ಲ. ರಸ್ತೆ ನೆಟ್ಟಗಿತ್ತು. ಇಷ್ಟು ಬೇಗ ಹುರಿ ಬೀಳಬಾರದು’ ಎಂದು ಗಾಡಿಯ ಸುತ್ತ ತಿರುಗಿದ. ಮುಂದಿನ ಟೈರಿನ ಮುಂದೆ ಕೂತ. ಹಿಂದಿನದರ ಮುಂದೆ ಕೂತ. ಆಮೇಲೆ ಒಳಗೆ ಹೋಗಿ ಅಮ್ಮನ ಹತ್ತಿರ ದಾರದ ಉಂಡೆಯನ್ನೂ ಹೊಲಿಗೆಯ ಟೇಪನ್ನೂ ತಂದ.

ನನ್ನ ಎದೆ ಧಸಕ್ಕೆಂದಿತು. ಜೂನ್ ಕೊನೆಯಲ್ಲಿ ಮುಂದಿನ ಎರಡು ಟೈರು ಸವೆದು ನೂಲು ಕಾಣುತ್ತಿದ್ದವು. ಅಂಗಡಿಯಲ್ಲಿ ಮೊದಲಿನ ಅಳತೆಯ ಜೋಡಿಗೆ ಬೆಲೆ ಹೆಚ್ಚಾಯಿತೆಂದು ನಾನೇ ಒಂದು ಅಳತೆ ಚಿಕ್ಕದನ್ನು ಕೇಳಿದ್ದೆ. ‘ರಿಮ್ಮು 15 ಇಂಚೇ ಅಲ್ವಾ, ಕೂರುತ್ತೆ, ಹಾಕಿ’ ಎಂದು ನಾನೇ ಹೇಳಿದ್ದೆ. ಕೂತವು. ಎರಡು ವಾರ ಏನೂ ಆಗಲಿಲ್ಲ, ಏಕೆಂದರೆ ಫೋರ್ ವೀಲ್ ಹಾಕುವ ಪ್ರಸಂಗವೇ ಬರಲಿಲ್ಲ. ಹಾಕಿದ ಮೊದಲ ದಿನ ಗಾಡಿ ಮಗನ ಕೈಯಲ್ಲಿತ್ತು.

ಅವನು ಟೈರಿನ ಸುತ್ತ ದಾರ ಸುತ್ತಿ, ಕತ್ತರಿಸಿ, ನೆಲದ ಮೇಲೆ ಚಾಚಿ ಅಳೆದ. ಹಿಂದಿನದರ ಪಕ್ಕದಲ್ಲಿ 235/75 ಎಂದು ಅಚ್ಚಾಗಿತ್ತು, ಸುತ್ತಳತೆ 228 ಸೆಂಟಿಮೀಟರ್. ಮುಂದಿನದು 215/75, ಸುತ್ತಳತೆ 221. ಮೊದಲ ಸಂಖ್ಯೆ ಟೈರಿನ ಅಗಲ ಮಿಲಿಮೀಟರಿನಲ್ಲಿ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಎತ್ತರ ಎಂಬುದು. ಅಗಲ ಕಡಿಮೆಯಾದರೆ ಎತ್ತರವೂ ಕಡಿಮೆಯಾಗಿ ಇಡೀ ಚಕ್ರವೇ ಚಿಕ್ಕದಾಗುತ್ತದೆ. ಇಷ್ಟು ವರ್ಷ ಗಾಡಿ ಓಡಿಸಿದ ನನಗೆ ಆ ಸಂಖ್ಯೆಗಳ ಅರ್ಥ ತಿಳಿದದ್ದು ಅಂದೇ.

ಏಳು ಸೆಂಟಿಮೀಟರ್ ಎಷ್ಟು ಮಹಾ ಎನ್ನಿಸಬಹುದು. ಮಗ ಸಿಮೆಂಟಿನಲ್ಲಿ ಭಾಗಾಕಾರ ಮಾಡಿದ. ಒಂದು ಕಿಲೋಮೀಟರಿಗೆ ದೊಡ್ಡ ಚಕ್ರ 439 ಸುತ್ತು, ಚಿಕ್ಕ ಚಕ್ರ 452 ಸುತ್ತು. ತಿರುವೇ ಇಲ್ಲದ ನೆಟ್ಟನೆಯ ರಸ್ತೆಯಲ್ಲೂ ಪ್ರತಿ ಕಿಲೋಮೀಟರಿಗೆ ಸುಮಾರು 14 ಸುತ್ತಿನ ವ್ಯತ್ಯಾಸ. ಎರಡು ಅಚ್ಚು ಕಚ್ಚಿಕೊಂಡಿರುವಾಗ ಆ 14 ಸುತ್ತು ಎಲ್ಲಿಗೆ ಹೋಗಬೇಕು? ತಾವರೆಕೆರೆ ಆಚೆಯಿಂದ ಮನೆಯವರೆಗೆ ಸುಮಾರು 15 ಕಿಲೋಮೀಟರ್ ಅದು ಟೈರನ್ನು ಉಜ್ಜಿ ಉಜ್ಜಿ ದಾರಿ ಮಾಡಿಕೊಂಡಿದೆ. ಶಾಫ್ಟು ತುಂಡಾಗದೆ ಉಳಿದದ್ದು ಹುಡುಗ ನಿಧಾನವಾಗಿ ಓಡಿಸಿದ್ದರಿಂದ.

‘ಈ ಟೈರು ಯಾವಾಗ ಹಾಕ್ಸಿದ್ದು ಅಪ್ಪಾ?’ ಎಂದು ಅವನು ಕೇಳಿದ. ದನಿಯಲ್ಲಿ ಕೊಂಕಿರಲಿಲ್ಲ. ಅವನಿಗೆ ಲೆಕ್ಕಕ್ಕೆ ತಾರೀಖು ಬೇಕಿತ್ತು, ಅಷ್ಟೆ.

‘ಜೂನ್ ಕೊನೇಲಿ. ಚಿಕ್ಕದು ಸಾಕು ಅಂತ ನಾನೇ ಹೇಳಿ ಹಾಕಿಸಿದ್ದು. ನಿನಗೆ ಏನೂ ಇಲ್ಲ ಅಂತ ಹೇಳಿದ್ದು ಸುಳ್ಳು’ ಎಂದೆ. ಎದುರು ಮನೆಯ ಗಾರೆ ಕೆಲಸದವರು ಅಂದು ಭಾನುವಾರವೆಂದು ಬಂದಿರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು, ಬೈದದ್ದನ್ನು ಕೇಳಿದವರು ಇದನ್ನೂ ಕೇಳಬೇಕಿತ್ತು. ಸೋಮವಾರ ಅವರಲ್ಲಿ ಹಿರಿಯರೊಬ್ಬರು ‘ಗಾಡಿ ಸರಿಹೋಯ್ತಾ ಸಾಮಿ?’ ಎಂದು ವಿಚಾರಿಸಿದಾಗ, ತಪ್ಪು ನನ್ನದಿತ್ತು, ಸರಿ ಮಾಡಿದ್ದು ಮಗ ಎಂದು ಜೋರಾಗಿಯೇ ಹೇಳಿದೆ. ಮಗ ಬೈಕಿಗೆ ಕಿಕ್ ಹೊಡೆಯುತ್ತಿದ್ದವನು ಒಂದು ಕ್ಷಣ ನಿಂತು, ಮತ್ತೆ ಹೊಡೆದ.

ಫೀಸು ಕಟ್ಟಿದ್ದಾಯಿತು. ಹೊಸ ಟೈರಿಗೆ ತಕ್ಷಣ ಹಣವಿರಲಿಲ್ಲ. ಹಿಂದಿನ ಎರಡು ಚಕ್ರದಲ್ಲೇ ಓಡಿಸಿದರೆ ಈ ವ್ಯತ್ಯಾಸದಿಂದ ಹುರಿ ಬೀಳುವುದಿಲ್ಲವಾದ್ದರಿಂದ, ಚಿಕ್ಕ ಗೇರಿಗೆ ಕೆಂಪು ರಿಬ್ಬನ್ ಕಟ್ಟಿ ದೀಪಾವಳಿಯವರೆಗೆ ದೂಡಿದೆವು. ನಡುವೆ ಎರಡು ಸಲ ಕೆಸರಿನಲ್ಲಿ ಹೂತು ಟ್ರಾಕ್ಟರಿಗೆ ದುಡ್ಡು ಕೊಟ್ಟೆ. ಚಿಕ್ಕ ಟೈರುಗಳನ್ನು ಪರಿಚಯದ ಹಾಲಿನ ಗಾಡಿಯವರೊಬ್ಬರಿಗೆ ಅರ್ಧ ಬೆಲೆಗೆ ಮಾರಿದೆ. ಟೈರು ಕೊಳ್ಳಲು ಹೋದಾಗ ಮಗನನ್ನೂ ಕರೆದುಕೊಂಡು ಹೋದೆ. ನಾನು ಬೆಲೆ ಮಾತಾಡುವಷ್ಟರಲ್ಲಿ ಅವನು ಜೇಬಿನಿಂದ ದಾರ ತೆಗೆದು ಒಂದೊಂದೇ ಟೈರಿಗೆ ಸುತ್ತುತ್ತಿದ್ದ. ಹಿಂದಿನವು ಸವೆದಿವೆ, ಹೊಸವಕ್ಕೂ ಅವಕ್ಕೂ ಮತ್ತೆ ವ್ಯತ್ಯಾಸ ಬರುತ್ತದೆ, ಆದ್ದರಿಂದ ನಾಲ್ಕೂ ಹೊಸದೇ ಬೇಕು ಎಂದ. ಅಂಗಡಿಯವರು ನನ್ನ ಮುಖ ನೋಡಿದರು. ನಾನು ಪರ್ಸ್ ತೆಗೆದು ಎಣಿಸತೊಡಗಿದೆ.